ಡಿಸೆಂಬರ್‌ನ ಹಟಮಾರಿ ಅಂಜೂರಕ್ಕೆ ಒಂದು ತೊಟ್ಟು ಎಣ್ಣೆ

ಅಂತೂ ಹಣ್ಣಾಯಿತು! ಬೆಂಗಳೂರಿನ ತಾರಸಿ, 60 ಲೀಟರ್ ಡ್ರಮ್ಮು, ಜೂನ್‌ನಲ್ಲಿ ಸವರಿದ ಪೂನಾ ಅಂಜೂರ. ಮೊದಲ ಕಾಯಿಗಳು ಅಕ್ಟೋಬರ್ ಮಳೆಗೆ ಬಿರಿದು ಹುಳಿಯಾದವು, ಅದು ಇದ್ದದ್ದೇ. ತಲೆ ತಿಂದದ್ದು ರೆಂಬೆ ತುದಿಯ 18 ಕಾಯಿ. ನವೆಂಬರ್ ಪೂರ್ತಿ ಹಸಿರು, ಕಲ್ಲಿನಂತೆ ಗಟ್ಟಿ. ಕುಡಿ ಚಿವುಟಿದ್ದಾಯಿತು, ಪೊಟ್ಯಾಷ್ ಕೊಟ್ಟಿದ್ದಾಯಿತು, ಅಲ್ಲಾಡಲಿಲ್ಲ.

ಅಂಜೂರದ ಕಾಯಿ ಮೊದಲು ಸರಸರ ಬೆಳೆದು, ವಾರಗಟ್ಟಲೆ ಸುಮ್ಮನಿದ್ದು, ಕೊನೆಯ ಕೆಲವೇ ದಿನಗಳಲ್ಲಿ ಉಬ್ಬಿ ಸಿಹಿಯಾಗುತ್ತದೆ. ಚಳಿ ಬಿದ್ದರೆ ನಡುವಿನ ಈ ನಿಲುಗಡೆ ಹಿಗ್ಗುತ್ತದೆ. ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಮಾವಿನಂತೆ ಇದು ಮಾಗುವುದಿಲ್ಲ.

ದಾರಿ ತೋರಿದ್ದು ಆಲಿವ್ ಎಣ್ಣೆ. ಇಯರ್‌ಬಡ್ ಅದ್ದಿ ಕಾಯಿಯ ಕಣ್ಣಿಗಷ್ಟೇ (ತೊಟ್ಟಿನ ಎದುರು ತುದಿಯ ಸಣ್ಣ ತೂತು) ಮುಟ್ಟಿಸಬೇಕು, ಮೈಗೆಲ್ಲ ಬಳಿಯಬಾರದು. ಎಣ್ಣೆ ಸೋಕಿದರೆ ಕಾಯಿಯೊಳಗೆ ಹಣ್ಣಾಗಿಸುವ ಎಥಿಲೀನ್ ಅನಿಲ ಹುಟ್ಟಿ ಕೊನೆಯ ಹಂತ ಶುರುವಾಗುತ್ತದೆ. ಹದ ತಪ್ಪಿದರೆ ಮಾತ್ರ ಎಲ್ಲ ವ್ಯರ್ಥ. ನವೆಂಬರ್ 20ಕ್ಕೆ ಆತುರಪಟ್ಟು ಹಚ್ಚಿದ 4 ಕಾಯಿ ಸುಕ್ಕಾಗಿ ಉದುರಿದವು, ಸೀಳಿದರೆ ಒಳಗೆಲ್ಲ ಬಿಳಿ. ಡಿಸೆಂಬರ್ 6ಕ್ಕೆ ಕಣ್ಣಿನ ಸುತ್ತ ನಸುಗೆಂಪು ಕಂಡಿತು. ಒಂದನ್ನು ಕೊಯ್ದು ನೋಡಿದರೆ ತಿರುಳೂ ಗುಲಾಬಿ. ಡಿಸೆಂಬರ್ 9ಕ್ಕೆ ಎಣ್ಣೆ ಮುಟ್ಟಿಸಿ, ಹೋಲಿಕೆಗೆ 4 ಹಾಗೇ ಬಿಟ್ಟದ್ದು. ಏಳನೇ ದಿನ ಎಣ್ಣೆ ಕಂಡವು ಕತ್ತು ಬಗ್ಗಿಸಿದವು, ಉಳಿದ ನಾಲ್ಕು ಇನ್ನೂ ಕಲ್ಲು.

ಕೀಳುವ ಹದವೆಂದರೆ ಕತ್ತು ಸಡಿಲ, ಸಿಪ್ಪೆಯ ಮೇಲೆ ಕೂದಲೆಳೆಯಂಥ ಬಿಳಿ ಬಿರುಕು, ಕಣ್ಣಲ್ಲಿ ಜೇನಿನಂಥ ಹನಿ. ತೊಟ್ಟಿನಿಂದ ಹಾಲು ಸುರಿದರೆ ಅವಸರವಾಯಿತು ಎಂದರ್ಥ. ಆ ಹಾಲು ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಪಿಕಳಾರಕ್ಕೆ ಸಿಗದಂತೆ ತೆಳು ಬಟ್ಟೆಯ ಚೀಲ ಕಟ್ಟಿ. ಪ್ಲಾಸ್ಟಿಕ್ ಬೆವರಿ ಬೂಸ್ಟು ಹಿಡಿಯುತ್ತದೆ.

ಎಲೆ ಉಳಿಯದಿದ್ದರೆ ಸಿಹಿಯೂ ಇಲ್ಲ, ಹಾಗಾಗಿ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ: ಲೀಟರ್ ನೀರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ. ಅಂಗಡಿಯವರು ಈ ಸಲ ಗಾಳಿಗೆ ಸತ್ತ ಹಳೇ ಸುಣ್ಣ ಕೊಟ್ಟಿದ್ದರು. ಉಜ್ಜಿದ ಕಬ್ಬಿಣದ ಚಾಕು ಅದ್ದಿದರೆ ತಾಮ್ರ ಹತ್ತಿ ಕೆಂಪಾಯಿತು. ಹಾಗೇ ಸಿಂಪಡಿಸಿದ್ದರೆ ಎಲೆಗಳೆಲ್ಲ ಸುಡುತ್ತಿದ್ದವು! ಚಾಕು ಕೆಂಪಾಗುವುದು ನಿಲ್ಲುವ ತನಕ ಸುಣ್ಣದ ತಿಳಿ ಸೇರಿಸಿ.

ನರ್ಸರಿಗಳಲ್ಲಿ ತಳಿಯ ಹೆಸರು ನಂಬುವಂತಿಲ್ಲ. ಬರುವ ಜುಲೈಗೆ ಇದೇ ಗಿಡದಲ್ಲಿ ಗೂಟಿ, ಅಂದರೆ ರೆಂಬೆ ಗಿಡದಲ್ಲಿರುವಾಗಲೇ ಬೇರು ಬರಿಸುವುದು: ಪೆನ್ಸಿಲ್ ದಪ್ಪದ ರೆಂಬೆ, ಒಂದಿಂಚು ತೊಗಟೆ ಬಳೆಯಂತೆ ತೆಗೆದು, ಒದ್ದೆ ಪಾಚಿ, ಮೇಲೆ ಪಾಲಿಥೀನ್. ಪಾಚಿ ಈಗಲೇ ತಂದಿಟ್ಟಾಯಿತು. ಬಿಟ್ಟಿದ್ದ ನಾಲ್ಕು ಕಾಯಿಗೂ ಇವತ್ತು ಬೆಳಿಗ್ಗೆ ಎಣ್ಣೆ ಮುಟ್ಟಿಸಿದೆ.