ದೆವ್ವವೇ ಕೊಲೆಗಾರನ ಹೆಸರು ಹೇಳಿದರೆ ಪತ್ತೇದಾರನಿಗೆ ಏನು ಕೆಲಸ?

ಒಂದು ನಗರದ ಇತಿಹಾಸದಲ್ಲಿ ಬೇರುಬಿಟ್ಟ ದೆವ್ವದ ಪತ್ತೇದಾರಿ ಕಾದಂಬರಿಗಳೆಂದರೆ ನನಗೆ ಪ್ರಾಣ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಸತ್ತವರೇ ಬಂದು ಕೊಂದವರನ್ನು ತೋರಿಸಬಹುದಾದರೆ ಪತ್ತೇದಾರನಿಗೆ ಏನು ಕೆಲಸ? ಇದು ಓದುಗನಿಗೆ ಮಾಡುವ ಮೋಸವಲ್ಲವೇ?’

ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕತೆಗಳಿಗೆ ಹತ್ತು ಕಟ್ಟಳೆ ಹಾಕಿದಾಗ, ಎರಡನೆಯದರಲ್ಲೇ ಅತಿಮಾನುಷ ಶಕ್ತಿಗಳನ್ನು ಹೊರಗಿಟ್ಟರು. ಗಂಟು ಬಿಚ್ಚುವ ಅವಕಾಶ ಓದುಗನಿಗೂ ಸಮನಾಗಿ ಸಿಗಬೇಕು ಎಂಬ ಕಾಳಜಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೂ ನನಗೆ ದೆವ್ವ ಬೇಕು. ಅದು ಪ್ರಶ್ನೆ ಕೇಳಿ ಸುಮ್ಮನಾಗಬೇಕು. ಉತ್ತರವನ್ನು ಊರಿನ ಕಡತ, ಕಲ್ಲು, ಸಮಾಧಿಗಳಲ್ಲಿ ಮನುಷ್ಯರೇ ಹುಡುಕಿಕೊಳ್ಳಬೇಕು.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರವನ್ನೇ ತೆಗೆದುಕೊಳ್ಳಿ. ವೈದ್ಯ ವಿದ್ಯಾರ್ಥಿಗಳಿಗೆ ಕೊಯ್ದು ಕಲಿಯಲು ಬೇಕಾದಷ್ಟು ಹೆಣಗಳು ಕಾನೂನಿನ ದಾರಿಯಲ್ಲಿ ಸಿಗದಿದ್ದ ಕಾಲವದು. ಸಮಾಧಿ ಅಗೆದು ಕದಿಯುವವರ ಭಯಕ್ಕೆ ಗೋರಿಗಳ ಮೇಲೆ ಕಬ್ಬಿಣದ ಪಂಜರ ಹಾಕುತ್ತಿದ್ದರು. ಗ್ರೇಫ್ರೈಯರ್ಸ್ ಸ್ಮಶಾನದಲ್ಲಿ ಅವು ಈಗಲೂ ಇವೆ. ಹೇರ್ ಎಂಬವನ ವಸತಿಗೃಹದಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡಿದ್ದ ಮುದುಕನೊಬ್ಬ ಕಾಯಿಲೆಯಿಂದ ಸತ್ತ. ಹೇರ್ ಮತ್ತು ಅವನ ಜೊತೆಗಾರ ಬರ್ಕ್ ಆ ಹೆಣವನ್ನು ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾಕ್ಟರ್ ರಾಬರ್ಟ್ ನಾಕ್ಸ್‌ಗೆ (ಹೆಸರಷ್ಟೇ ಒಂದು, ಆಳು ಬೇರೆ) ಏಳೂವರೆ ಪೌಂಡಿಗೆ ಮಾರಿದರು. ಆಮೇಲೆ ಸಾವಿಗೆ ಕಾಯುವ ತಾಳ್ಮೆ ಅವರಿಗೆ ಉಳಿಯಲಿಲ್ಲ. 1828ರಲ್ಲಿ, ಒಂದು ವರ್ಷ ತುಂಬುವುದರೊಳಗೆ ಹದಿನಾರು ಜನರನ್ನು ಕೊಂದು ಮಾರಿದರು. ಹೇರ್ ಜೊತೆಗಾರನ ವಿರುದ್ಧ ಸಾಕ್ಷಿ ಹೇಳಿ ಪಾರಾದ. ಬರ್ಕ್ 1829ರ ಜನವರಿ 28ರಂದು ಗಲ್ಲಿಗೇರಿದ. ಅವನ ಅಸ್ಥಿಪಂಜರ ಅದೇ ನಗರದ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.

ಕೊಂದವನ ಎಲುಬುಗಳನ್ನೂ ಜೋಪಾನವಾಗಿಟ್ಟುಕೊಂಡ ಊರಿಗೆ, ಸತ್ತವರಲ್ಲಿ ಹಲವರ ಹೆಸರೂ ತಿಳಿಯದು. ಒಬ್ಬಳು ಬರೀ ‘ಮುದುಕಿ’, ಇನ್ನೊಬ್ಬ ಅವಳ ಮೊಮ್ಮಗ. ದೆವ್ವ ಎದ್ದು ಬರಬೇಕಾದದ್ದು ಇಲ್ಲಿಂದ. ಅದು ಬಂದು ‘ನನ್ನನ್ನು ಕೊಂದವನು ಯಾರು’ ಎಂದು ಕೇಳಬೇಕಾಗಿಯೂ ಇಲ್ಲ, ಅದು ಎಲ್ಲರಿಗೂ ಗೊತ್ತು. ‘ನಾನು ಯಾರು’ ಎಂದು ಕೇಳಲಿ. ಪತ್ತೇದಾರನಿಗೆ ಇಡೀ ಕಾದಂಬರಿಗಾಗುವಷ್ಟು ಕೆಲಸ ಸಿಕ್ಕಿತು.

ಅದೇ ಊರಿನ ಇನ್ನೊಂದು ಗಂಟು ನನಗೆ ಇದಕ್ಕಿಂತಲೂ ಪ್ರಿಯ. 1836ರಲ್ಲಿ ಆರ್ಥರ್ಸ್ ಸೀಟ್ ಗುಡ್ಡದಲ್ಲಿ ಮೊಲ ಹಿಡಿಯಲು ಹೋದ ಹುಡುಗರಿಗೆ ಕಲ್ಲಿನ ಸಂದಿಯೊಂದರಲ್ಲಿ ಹದಿನೇಳು ಪುಟ್ಟ ಶವಪೆಟ್ಟಿಗೆಗಳು ಸಿಕ್ಕವು. ಒಂದೊಂದೂ ಅಂಗೈಯಲ್ಲಿ ಹಿಡಿಸುವಷ್ಟು, ಒಂದೊಂದರೊಳಗೂ ಬಟ್ಟೆ ತೊಟ್ಟ ಮರದ ಗೊಂಬೆ. ಉಳಿದಿರುವ ಎಂಟು ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಮುದುಕನೂ ಸೇರಿದರೆ ಮಾರಾಟವಾದ ಹೆಣಗಳೂ ಹದಿನೇಳೇ; ಸಮಾಧಿಯ ಭಾಗ್ಯ ಕಾಣದವರಿಗೆ ಯಾರೋ ಮಾಡಿದ ಅಂತ್ಯಸಂಸ್ಕಾರ ಇದು ಎಂಬ ಊಹೆ ಇದೆ. ಮನಸ್ಸು ಅದನ್ನು ತಟ್ಟನೆ ಅಪ್ಪಿಕೊಳ್ಳುತ್ತದೆ. ಆದರೆ ಹತ್ತಿರದಿಂದ ನೋಡಿ: ಕೊಲೆಯಾದವರಲ್ಲಿ ಹನ್ನೆರಡು ಮಂದಿ ಹೆಂಗಸರು, ಗೊಂಬೆಗಳೋ ಗಂಡು ಸಿಪಾಯಿಗಳಂತಿವೆ. ಕಣ್ಣುಗಳು ತೆರೆದಿವೆ. ಕೆಲವಕ್ಕೆ ತೋಳುಗಳಿಲ್ಲ, ಪೆಟ್ಟಿಗೆಯಲ್ಲಿ ಹಿಡಿಸಲೆಂದು ತೆಗೆದಂತಿದೆ. ಅಂದರೆ ಹೆಣವೆಂದು ಕೆತ್ತಿದ ಗೊಂಬೆಗಳಲ್ಲ, ಯಾವುದೋ ಮಗು ಆಡಿಬಿಟ್ಟವನ್ನು ಯಾರೋ ತಂದು ಹೆಣವಾಗಿಸಿರಬೇಕು. ಇಂಥ ಸುಳಿವುಗಳನ್ನು ಓದುಗನ ಮುಂದೆ ಹರಡಿಟ್ಟ ಕಾದಂಬರಿಯಲ್ಲಿ ಎಷ್ಟು ದೆವ್ವಗಳು ಓಡಾಡಿದರೂ ಮೋಸವಾಗುವುದಿಲ್ಲ.

ಮೋಸ ಅನ್ನಿಸುವುದು ಸುಳ್ಳು ಇತಿಹಾಸದ ಮೇಲೆ ದೆವ್ವವನ್ನು ನಿಲ್ಲಿಸಿದಾಗ. 1645ರ ಪ್ಲೇಗಿನಲ್ಲಿ ಎಡಿನ್‌ಬರೋದ ಮೇರಿ ಕಿಂಗ್ಸ್ ಕ್ಲೋಸ್ ಓಣಿಯ ಜನರನ್ನು ಒಳಗೇ ಬಿಟ್ಟು ಗೋಡೆ ಕಟ್ಟಿದರು ಎಂಬ ಕತೆಯನ್ನು ಹಾಗೇ ಎತ್ತಿಕೊಂಡವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹಾಗೆ ಯಾರೂ ಗೋಡೆ ಕಟ್ಟಲಿಲ್ಲ. ಸೋಂಕಿತರನ್ನು ಬೇರೆಯಾಗಿಟ್ಟು ಆರೈಕೆ ಮಾಡುವ ಏರ್ಪಾಡು ಆ ನಗರದಲ್ಲಿತ್ತು. ಓಣಿ ಕಟ್ಟಡದಡಿ ಹೂತುಹೋದದ್ದು ನೂರು ವರ್ಷಗಳ ನಂತರ, ಅದರ ಮೇಲೆ ರಾಯಲ್ ಎಕ್ಸ್‌ಚೇಂಜ್ ಎಂಬ ವರ್ತಕರ ಕಟ್ಟಡ ಕಟ್ಟಿದಾಗ. ಅಲ್ಲಿ ನಿಜವಾಗಿ ಸತ್ತವರ ನೋವು ಸಾಲದು ಎಂಬಂತೆ ಹೊಸದನ್ನು ಹೊಸೆಯುವುದೇಕೆ?

ಇನ್ನು ಪತ್ತೇದಾರನ ಕೆಲಸದ ಮಾತು. ಬರ್ಕ್ ಮತ್ತು ಹೇರ್ ಸಿಕ್ಕಿಬಿದ್ದದ್ದು ಬರ್ಕ್‌ನ ಮನೆಯಲ್ಲಿ ಉಳಿದಿದ್ದ ಆ್ಯನ್ ಗ್ರೇ ಎಂಬ ಬಡ ಹೆಂಗಸಿನಿಂದ. ಕಾಲುಚೀಲ ಹುಡುಕುತ್ತ ಹುಲ್ಲಿನ ರಾಶಿಯ ಬಳಿ ಹೋದವಳನ್ನು ಬರ್ಕ್ ಗದರಿದ. ಅವನು ಹೊರಗೆ ಹೋದ ಮೇಲೆ ಅವಳೂ ಗಂಡ ಜೇಮ್ಸನೂ ಹುಲ್ಲು ಸರಿಸಿ ನೋಡಿದರು; ಕೆಳಗೆ ಹೆಣವಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ವಾರಕ್ಕೆ ಹತ್ತು ಪೌಂಡ್ ಕೊಡುವುದಾಗಿ ಬರ್ಕ್‌ನ ಸಂಗಾತಿ ಆಸೆ ತೋರಿಸಿದಳು. ದಂಪತಿ ಪೊಲೀಸರ ಬಳಿಗೆ ನಡೆದರು. ಪೊಲೀಸರು ಬರುವಷ್ಟರಲ್ಲಿ ಹೆಣ ಮಾಯವಾಗಿತ್ತು, ಮರುದಿನ ನಾಕ್ಸ್‌ನ ಕೊಠಡಿಗಳಲ್ಲಿ ಸಿಕ್ಕಿತು. ನಾನು ಬಯಸುವ ಕಾದಂಬರಿಯಲ್ಲಿ ದೆವ್ವ ಆ್ಯನ್‌ಳನ್ನು ಆ ಮೂಲೆಯತ್ತ ತಿರುಗುವಂತೆ ಮಾಡಬಹುದು. ಹುಲ್ಲು ಸರಿಸುವುದನ್ನೂ ಆ ಹತ್ತು ಪೌಂಡ್ ಬೇಡವೆನ್ನುವುದನ್ನೂ ಅವಳೇ ಮಾಡಬೇಕು.