ಹೊಸ ಮನೆ ಹುಡುಕಾಟ ಬಿಟ್ಟು ತಾರಸಿ ಹತ್ತಿದ ಬೇಸಿಗೆ

ಫೆಬ್ರವರಿ ಕೊನೆ

ಈ ವರ್ಷ ಮನೆ ಬದಲಿಸಬೇಕು ಅಂತ ಮನೆಯಲ್ಲಿ ಮಾತಾಗಿದೆ. ಈಗಿರುವುದು ಶಿವಮೊಗ್ಗದಲ್ಲೇ, ಮಾವ ಕಟ್ಟಿಸಿದ 30-40 ಸೈಟಿನ ಮನೆ. ಆಮೇಲೆ ಮೇಲೊಂದು ರೂಮು ಏರಿಸಿದ್ದೇವೆ. ಆ ರೂಮೇ ತೊಂದರೆ. ಶಿವರಾತ್ರಿ ಕಳೆದರೆ ಸಾಕು, ರಾತ್ರಿ ಹತ್ತು ಗಂಟೆಗೂ ಅಲ್ಲಿ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಮಳೆಗಾಲದಲ್ಲಿ ಅದೇ ರೂಮಿನ ಪಡುವಣ ಗೋಡೆ ಒದ್ದೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು.

ಮನೆ ನೋಡಲು ಇದೇ ಕಾಲ. ಮಾರುವವರೂ ಈಗಲೇ ಬೋರ್ಡು ಹಾಕುತ್ತಾರೆ, ಕೊಳ್ಳುವವರೂ ಈಗಲೇ ಸುತ್ತುತ್ತಾರೆ. ಮಕ್ಕಳ ಪರೀಕ್ಷೆ ಮುಗಿಯುತ್ತದೆ, ಜೂನ್‌ಗೆ ಶಾಲೆ ಶುರುವಾಗುವ ಮೊದಲು ಸಾಮಾನು ಸಾಗಿಸಬೇಕು. ಯುಗಾದಿಗೆ ಅಡ್ವಾನ್ಸು, ಅಕ್ಷಯ ತದಿಗೆಗೆ ಅಗ್ರಿಮೆಂಟು. ಆಷಾಢ ಬಂದರೆ ಗೃಹಪ್ರವೇಶವಿಲ್ಲ. ಹಾಗಾಗಿ ಮಾರ್ಚಿನಿಂದ ಮೇ ತನಕ ಬ್ರೋಕರುಗಳ ಫೋನಿಗೆ ಬಿಡುವಿಲ್ಲ.

ಮಾರ್ಚ್, ಯುಗಾದಿಗೆ ಮೊದಲು

ಭಾನುವಾರಗಳೆಲ್ಲ ಮನೆ ನೋಡುವುದರಲ್ಲೇ ಹೋಗುತ್ತಿವೆ. ಸಾಗರ ರಸ್ತೆ, ಸವಳಂಗ ರಸ್ತೆ, ಗೋಪಾಳ, ಆಮೇಲೆ ಸೋಗಾನೆ ಕಡೆ. 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಆ ದಿಕ್ಕಿನ ಪ್ರತಿ ಲೇಔಟಿನ ಬೋರ್ಡಿನಲ್ಲೂ ಒಂದು ವಿಮಾನದ ಚಿತ್ರ. "ಏರ್‌ಪೋರ್ಟಿಗೆ ಹತ್ತೇ ನಿಮಿಷ ಮೇಡಂ" ಅಂತ ಒಬ್ಬ ಬ್ರೋಕರ್ ಮತ್ತೆ ಮತ್ತೆ ಹೇಳಿದ. ನಾವು ವಿಮಾನ ಹತ್ತುವುದು ಯಾವ ಕಾಲಕ್ಕೋ. ದಿನಾ ಬೇಕಾಗುವುದು ಹಾಲು, ತರಕಾರಿ, ಮಗಳ ಟ್ಯೂಷನ್ನು. ಅದಕ್ಕೆಲ್ಲ ಎಷ್ಟು ನಿಮಿಷ ಅಂತ ಕೇಳಿದರೆ ಉತ್ತರವಿಲ್ಲ.

ಬೇಸಿಗೆಯಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಹೊಸ ಪೇಂಟು, ಒಣಗಿದ ಗೋಡೆ, ಬಿಸಿಲು ಬೀಳುವ ಅಂಗಳ. ಮಲೆನಾಡಿನ ಮನೆಯ ಬಂಡವಾಳ ಬಯಲಾಗುವುದು ಜುಲೈನಲ್ಲಿ. ಆಗ ಮನೆ ತೋರಿಸಲು ಯಾರೂ ಕರೆಯುವುದಿಲ್ಲ. ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಅವರು ಬ್ರೋಕರ್ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ. ಸೀದಾ ಒಳಗೆ ಹೋಗಿ ಗೋಡೆ ಕಪಾಟಿನ ಬಾಗಿಲು ತೆಗೆದು ಮೂಸಿ ನೋಡುತ್ತಾರೆ. ಬೂಷ್ಟಿನ ವಾಸನೆ ಮಾರ್ಚಿನಲ್ಲೂ ಹೋಗಿರುವುದಿಲ್ಲ.

ಅವರ ಜೊತೆ ಸುತ್ತಿ ನಾನೂ ಕೆಲವು ಗುರುತು ಕಲಿತೆ. ಒಂದೇ ಗೋಡೆಗೆ ಮಂಡಿಯೆತ್ತರದ ತನಕ ಮಾತ್ರ ಹೊಸ ಬಣ್ಣ ಇದ್ದರೆ ಅನುಮಾನ ಪಡಬೇಕು. ಅಲ್ಲಿ ನೆಲದಿಂದ ನೀರೇರಿ ಗಾರೆ ಉಪ್ಪು ಬಿಟ್ಟಿರುತ್ತದೆ. ಮಿಕ್ಕ ಗೋಡೆಗಳೆಲ್ಲ ಸಾದಾ ಇದ್ದು ಒಂದಕ್ಕೆ ಮಾತ್ರ ಪ್ಲಾಸ್ಟಿಕ್ ಪ್ಯಾನೆಲ್ ಹೊಡೆದಿದ್ದರೆ ಅದರ ಹಿಂದೆ ಏನಿದೆ ಅಂತ ಕೇಳಬೇಕು. ಕಿಟಕಿ ಸರಳಿನ ಬುಡದಲ್ಲಿ ತುಕ್ಕಿನ ಗೆರೆ ಇಳಿದಿದೆಯಾ, ಕಾಂಪೌಂಡಿನ ಯಾವ ಮುಖದಲ್ಲಿ ಪಾಚಿ ಒಣಗಿ ಕಪ್ಪಾಗಿದೆ ಅಂತಲೂ ನೋಡಬೇಕು. ಮಳೆ ಗಾಳಿ ಪಡುವಣ ಮತ್ತು ನೈರುತ್ಯದಿಂದ ಹೊಡೆಯುತ್ತದೆ, ಹಾಗಾಗಿ ಆ ಕಡೆಗೆ ಸಜ್ಜ ಇಲ್ಲದ ಕಿಟಕಿ ಇದ್ದರೆ ನೀರು ಒಳಗೆ ಬಂದೇ ಬರುತ್ತದೆ. ಇನ್ನೊಂದು, ರಸ್ತೆಯ ಎತ್ತರ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಮೇಲೆದ್ದು ಹಳೆ ಮನೆಗಳು ತಗ್ಗಿಗೆ ಬಿದ್ದಿವೆ. ಗೇಟಿನ ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ, ಮನೆಯೊಳಗೆ ಕಾಲಿಡುವುದೂ ಬೇಡ.

ಹೊಳೆ ಕಡೆಯ ತಗ್ಗಿನ ಬಡಾವಣೆಗಳನ್ನು ನಾವು ನೋಡಲೇ ಇಲ್ಲ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಮನೆಗಳಿಗೆ ನುಗ್ಗಿದ್ದು ಇಲ್ಲಿ ಯಾರೂ ಮರೆತಿಲ್ಲ. ಹೊಳೆಯಲ್ಲಿ ಒಂದು ಕಲ್ಲಿನ ಮಂಟಪವಿದೆ, ಪ್ರತಿ ಮಳೆಗಾಲದಲ್ಲೂ ಊರಿನವರ ಮೊದಲ ಪ್ರಶ್ನೆ "ಮಂಟಪ ಮುಳುಗಿತಾ?" ಅಂತ ತಾನೆ?

ಮನೆ ಇಷ್ಟವಾದರೆ ಎದುರಿನ ಅಂಗಡಿಯಲ್ಲಿ ಟೀ ಕುಡಿಯುವುದು ನಮ್ಮ ಮನೆಯವರ ಪದ್ಧತಿ. ಮಳೆಗಾಲದಲ್ಲಿ ನೀರು ನಿಲ್ಲುತ್ತಾ, ಬೇಸಿಗೆಯಲ್ಲಿ ನಲ್ಲಿ ಬರುತ್ತಾ ಅಂತ ವಿಚಾರಿಸುತ್ತಾರೆ. ಟೀ ಅಂಗಡಿಯವರಿಗೆ ಕಮಿಷನ್ ಇಲ್ಲ, ನಿಜ ಹೇಳುತ್ತಾರೆ. ಸವಳಂಗ ರಸ್ತೆಯ ಕಡೆ ನಮಗೆ ತುಂಬ ಹಿಡಿಸಿದ್ದ ಒಂದು ಮನೆ ಹೀಗೆ ಟೀ ಅಂಗಡಿಯಲ್ಲೇ ಕೈಬಿಟ್ಟುಹೋಯಿತು. ಬೋರು ಏಪ್ರಿಲ್‌ಗೆ ಕೈಕೊಡುತ್ತಂತೆ.

ಕಾಗದದ ವಿಷಯ ಚಿಕ್ಕದಾಗಿ ಬರೆದುಬಿಡುತ್ತೇನೆ. ಇ-ಖಾತಾ ಇದೆಯಾ, ಇದ್ದರೆ ಎ ಖಾತೆಯೋ ಬಿ ಖಾತೆಯೋ ಅಂತ ಮೊದಲೇ ಕೇಳಿ. 2025ರ ಫೆಬ್ರವರಿಯಿಂದ ನಗರಸಭೆ, ಪಾಲಿಕೆಗಳಲ್ಲಿ ಅನಧಿಕೃತ ಬಡಾವಣೆಯ ಸ್ವತ್ತಿಗೂ ಬಿ ಖಾತೆ ಕೊಡಲು ಶುರು ಮಾಡಿದರು. "ಖಾತೆ ಇದೆ" ಅನ್ನುವ ಒಂದೇ ಮಾತಿಗೆ ಈಗ ಎರಡು ಅರ್ಥ. ಎಲ್ಲ ಬ್ಯಾಂಕೂ ಬಿ ಖಾತೆಗೆ ಸುಲಭವಾಗಿ ಸಾಲ ಕೊಡುವುದಿಲ್ಲ. ಇಸಿ (ಸ್ವತ್ತಿನ ಋಣಭಾರ ಪತ್ರ) ಅಂತೂ ನೀವೇ ತೆಗೆಸಿ, ಅವರು ಕೊಟ್ಟ ಜೆರಾಕ್ಸ್ ನಂಬಬೇಡಿ.

ಯುಗಾದಿ ಕಳೆದ ವಾರ

ಬೇವು ಬೆಲ್ಲ ತಿಂದು ಲೆಕ್ಕಕ್ಕೆ ಕೂತೆವು.

ಮನೆ 60 ಲಕ್ಷ ಅಂತ ಇಟ್ಟುಕೊಂಡೆವು. ಮುದ್ರಾಂಕ ಶುಲ್ಕ ನೂರಕ್ಕೆ 5, ಅಂದರೆ 3 ಲಕ್ಷ. ಅದರ ಮೇಲೆ ಸೆಸ್ 10 ಪರ್ಸೆಂಟು, 30 ಸಾವಿರ. ನಗರದಲ್ಲಾದರೆ ಅದೇ ಮುದ್ರಾಂಕ ಶುಲ್ಕದ ಮೇಲೆ ಸರ್‌ಚಾರ್ಜ್ 2 ಪರ್ಸೆಂಟು, 6 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಅದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ. ಬ್ಯಾಂಕಿನವರು ಸಾಲ ಲೆಕ್ಕ ಹಾಕುವಾಗ ಇದನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಪೂರ್ತಿ ಕೈಯಿಂದಲೇ ಹಾಕಬೇಕು. ಬ್ರೋಕರ್ ಕಮಿಷನ್, ವಕೀಲರ ಫೀಸು, ಸಾಮಾನು ಸಾಗಿಸುವ ಖರ್ಚು ಬೇರೆ.

ಬಡ್ಡಿ ಇಳಿದಿದೆ, ಈಗಲೇ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದರು. ಇಳಿದಿರುವುದು ನಿಜ. ರಿಸರ್ವ್ ಬ್ಯಾಂಕು 2025ರಲ್ಲಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 6.50ರಿಂದ 5.25ಕ್ಕೆ ತಂದಿತು. 20 ಲಕ್ಷದ ಸಾಲ, 20 ವರ್ಷದ ಅವಧಿ, ಬಡ್ಡಿ 9ರಿಂದ 7.75ಕ್ಕೆ ಬಂತು ಅಂದರೆ ಕಂತಿನಲ್ಲಿ ತಿಂಗಳಿಗೆ ಸುಮಾರು 1,575 ರೂಪಾಯಿ ಉಳಿಯುತ್ತದೆ. ಸಣ್ಣದೇನಲ್ಲ. ಆದರೆ ನಾವು ನೋಡಿದ ಮನೆಗಳಲ್ಲಿ ಮಾರುವವರು ಆ ಉಳಿತಾಯವನ್ನು ಮೊದಲೇ ಲೆಕ್ಕ ಹಾಕಿ ಬೆಲೆಗೆ ಸೇರಿಸಿಕೊಂಡ ಹಾಗೆ ನನಗೆ ಕಂಡಿತು.

ನಾಲ್ಕೂವರೆ ಲಕ್ಷದ ಅಂಕಿ ನೋಡಿ ಅತ್ತೆ ಕೇಳಿದರು, "ಅಲ್ಲ ಮಾರಾಯ್ತಿ, ಅಷ್ಟು ದುಡ್ಡಲ್ಲಿ ಒಂದು ಇಟ್ಟಿಗೆಯೂ ಬರಲ್ವಾ?" ಬರುವುದಿಲ್ಲ. ಈ ಮನೆಯಲ್ಲಿ ನೀರು ಎಲ್ಲಿ ಸೋರುತ್ತದೆ, ಬಿಸಿ ಎಲ್ಲಿಂದ ಬರುತ್ತದೆ ಅಂತ ನಮಗೆ ಗೊತ್ತು. ಹೊಸ ಮನೆಯದು ಗೊತ್ತಾಗಲು ಒಂದು ಪೂರ್ತಿ ಮಳೆಗಾಲ ಬೇಕು. ಹಾಗಾಗಿ ಹುಡುಕಾಟ ನಿಲ್ಲಿಸಿದೆವು. ಆ ದುಡ್ಡಿನ ಅರ್ಧದಲ್ಲಿ ಈ ಮನೆಯನ್ನು ಸರಿ ಮಾಡುವುದು. ಮುಂಗಾರು ಬರುವುದರೊಳಗೆ.

ಏಪ್ರಿಲ್ ಮೊದಲ ವಾರಗಳು: ತಾರಸಿ

ಮೊದಲು ಚರ್ಚೆಯಾದದ್ದು ಶೀಟಿನ ಬಗ್ಗೆ. ನಮ್ಮ ಕಡೆ ಈಗ ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು ಮಾಮೂಲು. ತೀರ್ಥಹಳ್ಳಿ, ಹೊಸನಗರದ ಮಳೆಗೆ ಅದೇ ಸರಿ, ಅಲ್ಲಿ ಬರಿ ಆರ್‌ಸಿಸಿ ನಂಬಿ ಕೂರಲಾಗದು. ಕೆಳಗೆ ಗಾಳಿ ಆಡುವುದರಿಂದ ಬೇಸಿಗೆಗೂ ನೆರಳು, ಅಡಿಕೆ ಒಣಗಿಸಲೂ ಜಾಗ. ಶಿವಮೊಗ್ಗ ಪೇಟೆಯ ಮಳೆ ಅದರ ಮುಂದೆ ಬಹಳ ಕಡಿಮೆ. ಮಲೆನಾಡಿನ ಹೆಬ್ಬಾಗಿಲು ಅನ್ನುತ್ತಾರಲ್ಲ, ಬಾಗಿಲಿನಲ್ಲಿ ನಿಂತವರಿಗೆ ಬೀಳುವುದು ಸೀರ್ಪನಿ. ನಮಗೆ ಬೇಕಿದ್ದದ್ದು ಬಿಸಿಗೆ ತಡೆ ಮತ್ತು ಬಿರುಕಿಗೆ ಮದ್ದು. ಹಾಗಾಗಿ ಬಿಳಿ ಬಣ್ಣ, ಅಂಗಡಿಯಲ್ಲಿ ಕೂಲ್ ರೂಫ್ ಪೇಂಟ್ ಅನ್ನುತ್ತಾರೆ.

ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ. ಅದಕ್ಕೇ ಹೊರಗೆ ತಂಪಾದ ಮೇಲೂ ಮೇಲಿನ ರೂಮು ಬೇಯುತ್ತಿದ್ದದ್ದು. ಬಿಳಿ ಮೇಲ್ಮೈ ಬಿಸಿಲನ್ನು ಅಲ್ಲಿಂದಲೇ ವಾಪಸ್ ಕಳಿಸುತ್ತದೆ. ಸುಣ್ಣ ಹೊಡೆದರೂ ಇದೇ ಕೆಲಸ ಆಗುತ್ತದೆ, ಖರ್ಚೂ ತುಂಬ ಕಡಿಮೆ. ಆದರೆ ಒಂದು ಮಳೆಗಾಲ ಕಳೆದರೆ ಸುಣ್ಣ ತೊಳೆದುಹೋಗುತ್ತದೆ. ಪ್ರತಿ ಬೇಸಿಗೆ ಹೊಡೆಯುವ ಉಮೇದು ಇರುವವರಿಗೆ ಅದೇ ಒಳ್ಳೆಯದು. ನಮಗಿಲ್ಲ.

ಬಣ್ಣ ಹಚ್ಚುವುದಕ್ಕಿಂತ ಅದಕ್ಕೆ ಮೊದಲಿನ ಕೆಲಸವೇ ಜಾಸ್ತಿ. ತಂತಿ ಬ್ರಷ್ಷಿನಿಂದ ಒಣ ಪಾಚಿ ಕೆರೆದು, ತೊಳೆದು, ಒಣಗಲು ಬಿಟ್ಟೆವು. ಆಮೇಲೆ ಮೇಸ್ತ್ರಿ ಬಕೆಟ್ಟಿನಲ್ಲಿ ನೀರು ಸುರಿದು ಅದು ಹೋಗುವ ದಾರಿ ನೋಡಿದ. ಪೈಪಿನ ಬಾಯಿಗೆ ಹೋಗಬೇಕಾದ ನೀರು ಪಡುವಣ ಮೂಲೆಯಲ್ಲಿ ಕೆರೆ ಕಟ್ಟಿತು. "ನಿಮ್ಮ ಗೋಡೆ ಒದ್ದೆ ಆಗೋದು ಇಲ್ಲಿಂದಲೇ ಅಕ್ಕಾ" ಅಂದ. ಇಷ್ಟು ವರ್ಷ ನಾವು ಬೈಯುತ್ತಿದ್ದದ್ದು ಗೋಡೆಯನ್ನು! ಆ ಮೂಲೆಗೆ ಸಿಮೆಂಟು ಹಾಕಿ ಇಳಿಜಾರು ಕೊಟ್ಟ. ತಾರಸಿ ಮತ್ತು ಪ್ಯಾರಾಪೆಟ್ ಗೋಡೆ ಸೇರುವ ಸಂದಿಯನ್ನು ಗುಂಡಗೆ ತುಂಬಿದ. ಬಿರುಕುಗಳನ್ನು ಸ್ವಲ್ಪ ಅಗಲ ಮಾಡಿ ಒಳಗೆ ಮಸಾಲೆ ತುಂಬಿದ. ಮೇಲಿಂದ ಸುಮ್ನೆ ಬಳಿದರೆ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದಂತೆ. ಅಂದಹಾಗೆ ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 28ರಿಂದ 18ಕ್ಕೆ ಇಳಿದಿದೆ. ನಾವು ತಂದ ಎರಡು ಮೂರು ಚೀಲಕ್ಕೆ ಅದರಿಂದ ಎಷ್ಟು ಉಳಿದೀತು ಹೇಳಿ, ಆದರೂ ಬಿಲ್ಲು ನೋಡಿ ಖುಷಿಯಾಯಿತು.

ಬಣ್ಣದ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು. ಕಾದ ತಾರಸಿಗೆ ಹಚ್ಚಿದರೆ ಹಿಡಿದುಕೊಳ್ಳುವ ಮೊದಲೇ ಒಣಗುತ್ತದೆ. ಮೊದಲ ಕೋಟು ತೆಳ್ಳಗೆ, ಎರಡನೆಯದು ಅದಕ್ಕೆ ಅಡ್ಡಲಾಗಿ. ಇದನ್ನು ನಾವೇ ಮಾಡಿದೆವು. ಮಗಳು ರೋಲರ್ ಬಿಡಲೇ ಇಲ್ಲ. ಮಧ್ಯಾಹ್ನ ಮೇಲೆ ಹೋದರೆ ಕಣ್ಣು ಕುಕ್ಕುತ್ತದೆ, ಹಪ್ಪಳ ಒಣಗಿಸಲು ಹೋಗುವಾಗ ಅತ್ತೆ ಈಗ ಕೂಲಿಂಗ್ ಗ್ಲಾಸ್ ಕೇಳುತ್ತಾರೆ.

ಏಪ್ರಿಲ್ ಮಧ್ಯ: ಪಡುವಣ ಕಿಟಕಿ

ಒಳಗೆ ದಪ್ಪ ಪರದೆ ಹಾಕಿದ್ದೆವು. ಪ್ರಯೋಜನ ಅಷ್ಟಕ್ಕಷ್ಟೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆಯೇ ಕಾಯುತ್ತದೆ, ಆ ಶಾಖ ರೂಮಿನಲ್ಲೇ ಉಳಿಯುತ್ತದೆ. ತಡೆಯುವುದಾದರೆ ಗಾಜಿನ ಹೊರಗೆ ತಡೆಯಬೇಕು. ತೀರ್ಥಹಳ್ಳಿಯ ಹಳೆ ಮನೆಯಲ್ಲಿ ಮಳೆ ಹೊಡೆಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದನ್ನು ಅತ್ತೆ ನೆನಪಿಸಿದರು. ಮೇದಾರರ ಹತ್ತಿರ ಕಿಟಕಿಯ ಅಳತೆಗೆ ಬಿದಿರಿನ ಪರದೆ ಮಾಡಿಸಿ ಹೊರಗಿನಿಂದ ಇಳಿಬಿಟ್ಟೆವು. ಬೆಳಕು ಸಣ್ಣಗೆ ಬರುತ್ತದೆ, ಗಾಳಿಯೂ ಆಡುತ್ತದೆ. ಅದರ ಮೇಲೆ ವೆಲ್ಡರ್ ಹತ್ತಿರ ಒಂದೂವರೆ ಅಡಿಯ ಶೀಟಿನ ಸಜ್ಜ. ನನ್ನ ಪ್ರಕಾರ ಇಡೀ ಬೇಸಿಗೆಯಲ್ಲಿ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಅಂದರೆ ಈ ಪರದೆ.

ಫ್ಯಾನೂ ಬದಲಾಯಿತು. ಹಳೆಯದು 75 ವಾಟ್, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಗೃಹಜ್ಯೋತಿ ಮಿತಿಯ ಅಂಚಿನಲ್ಲಿ ಬೇಸಿಗೆಯ ಬಿಲ್ಲು ಇರುವವರಿಗೆ ಇದು ಲೆಕ್ಕಕ್ಕೆ ಬರುತ್ತದೆ. ಏಸಿ ಬೇಕು ಅಂತ ನಮ್ಮ ಮನೆಯವರ ಹಟ ಇನ್ನೂ ಪೂರ್ತಿ ಹೋಗಿಲ್ಲ.

ಭರಣಿ ಮಳೆ ಬಂದ ಮೇಲೆ

ಬಿಸಿ ಕಡಿಮೆಯಾಯಿತಾ ಅಂತ ನೋಡಲು ಬರಿ ಮೇಲಿನ ರೂಮಿನ ಉಷ್ಣಾಂಶ ಅಳೆದರೆ ಸಾಲದು, ದಿನಕ್ಕೊಂದು ಥರ ಬಿಸಿಲು ಇರುತ್ತದೆ. ಹಾಗಾಗಿ ರಾತ್ರಿ ಮಲಗುವ ಮೊದಲು ಕೆಳಗಿನ ರೂಮಿಗೂ ಮೇಲಿನ ರೂಮಿಗೂ ಇರುವ ವ್ಯತ್ಯಾಸ ಬರೆದಿಡುತ್ತಿದ್ದೆ. ಮಾರ್ಚಿನಲ್ಲಿ ಮೇಲೆ ನಾಲ್ಕು ಡಿಗ್ರಿ ಜಾಸ್ತಿ ಇರುತ್ತಿತ್ತು. ಈಗ ಎರಡರ ಒಳಗೆ. ಮಗಳು ಚಾಪೆ ಎತ್ತಿಕೊಂಡು ಕೆಳಗೆ ಬರುವುದು ನಿಂತಿದೆ.

ಭರಣಿ ಮಳೆ ಗುಡುಗು ಸಮೇತ ಸುರಿಯಿತು. ಕರೆಂಟು ಹೋಯಿತು, ಟಾರ್ಚ್ ಹಿಡಿದು ತಾರಸಿಗೆ ಓಡಿದೆವು. ನೀರು ಪಡುವಣ ಮೂಲೆಯಲ್ಲಿ ನಿಲ್ಲದೆ ಸೀದಾ ಪೈಪಿಗೆ ಹೋಗುತ್ತಿತ್ತು. ಗೋಡೆ ಒಣಗಿಯೇ ಇದೆ. ಆದರೆ ಇದು ಒಂದು ತಾಸಿನ ಮಳೆ. ವಾರಗಟ್ಟಲೆ ಜಡಿ ಹಿಡಿದಾಗ ಏನು ಕಥೆ ಅಂತ ಈಗಲೇ ಹೇಳಲಾರೆ. ಒಳಗಿನ ಗೋಡೆಗೆ ಈ ವರ್ಷ ಬಣ್ಣ ಹೊಡೆಸುವುದಿಲ್ಲ. ಗಾರೆಯೊಳಗಿನ ಹಳೆಯ ತೇವ ಪೂರ್ತಿ ಆರಬೇಕು, ಅವಸರ ಮಾಡಿದರೆ ಹೊಸ ಬಣ್ಣ ಹಪ್ಪಳದ ಹಾಗೆ ಏಳುತ್ತದೆ.

ಬಾಕಿ ಉಳಿದದ್ದು ಬಟ್ಟೆ ಒಣಗಿಸುವ ಜಾಗ. ಹಳೆ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿರುತ್ತಿದ್ದರು, ಹಂಡೆಯ ಉರಿಯಲ್ಲೇ ಬಟ್ಟೆ ಆರುತ್ತಿತ್ತು. ನಮ್ಮಲ್ಲಿ ಸೋಲಾರ್ ಮತ್ತು ಗೀಸರ್, ಒಲೆಯಿಲ್ಲ. ಮಳೆಗಾಲದಲ್ಲಿ ಹಾಲಿನ ತುಂಬ ಹಗ್ಗ, ಆ ತೇವ ಮತ್ತೆ ಗೋಡೆಗೇ ಹೋಗುತ್ತದೆ. ಹಿಂದಿನ ಓಣಿಗೆ ಶೀಟು ಹೊದಿಸಿ, ಎರಡೂ ತುದಿ ಗಾಳಿಗೆ ತೆರೆದಿಟ್ಟು ಅಲ್ಲೇ ಹಗ್ಗ ಕಟ್ಟುವ ಯೋಚನೆ. ವೆಲ್ಡರ್ "ನಾಳೆ ಬರ್ತೀನಿ" ಅನ್ನಲು ಶುರು ಮಾಡಿ ಒಂದು ವಾರವಾಯಿತು. ಮೇ ತಿಂಗಳಲ್ಲಿ ಶಿವಮೊಗ್ಗದ ಯಾವ ವೆಲ್ಡರೂ ಕೈಗೆ ಸಿಗುವುದಿಲ್ಲ, ಎಲ್ಲರ ಮನೆಯ ಶೀಟಿನ ಕೆಲಸವೂ ಈಗಲೇ. ಬ್ರೋಕರ್ ಮಾತ್ರ ಇನ್ನೂ ದಿನಾ ಫೋನ್ ಮಾಡುತ್ತಾನೆ. ಸಾಗರ ರಸ್ತೆಯ ಮನೆಯವರು ಎರಡು ಲಕ್ಷ ಇಳಿಸಿದ್ದಾರಂತೆ. ಜುಲೈನಲ್ಲಿ ಒಂದು ಸಲ ತೋರಿಸಿ ಅಂದಿದ್ದೇನೆ.