ಒಬ್ಬರೇ ಹೋಗಬೇಕಾ, ಜೊತೆ ಬೇಕಾ?

ಕಡಲ ದಂಡೆಯಲ್ಲಿ ದಿನಗಟ್ಟಲೆ ನಡೆದು ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ಬೆಳಿಗ್ಗೆಯಿಂದ ಸಂಜೆವರೆಗೆ ಇಬ್ಬರೇ ನಡೀತೀರಲ್ಲ, ಅಷ್ಟು ಹೊತ್ತು ಏನು ಮಾತಾಡ್ತೀರಿ? ಒಬ್ಬರೇ ಹೋದರೆ ಇನ್ನೂ ಚೆನ್ನಾಗಿರಲ್ವಾ?"

ನಾವು ಮಾತಾಡುವುದು ಬಹಳ ಕಡಿಮೆ. ಆದರೂ ನನಗೆ ಜೊತೆ ಬೇಕು. ಯಾಕೆ ಅಂತ ಹೇಳುವುದಕ್ಕೆ ಒಂದು ದಿನದ ನಡಿಗೆ ಸಾಕು.

ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಮೈನ್‌ಹೆಡ್‌ನಿಂದ ಪೂಲ್ ಬಂದರಿನ ಬಾಯಿಯವರೆಗೆ 1,014 ಕಿಲೋಮೀಟರ್ ಉದ್ದದ ಕಾಲುದಾರಿ. ಕಳ್ಳಸಾಗಣೆಯವರ ಮೇಲೆ ಕಣ್ಣಿಡಲು ಕರಾವಳಿಯ ಕಾವಲುಗಾರರು ಓಡಾಡಿ ಓಡಾಡಿ ಆದ ದಾರಿ ಇದು. ಅವರು ಒಂದೊಂದು ಸಣ್ಣ ಕೊಲ್ಲಿಯೊಳಗೂ ಇಣುಕಿ ನೋಡಬೇಕಿತ್ತು. ಅದಕ್ಕೇ ದಾರಿ ಕಡಲ ಅಂಚು ಬಿಡುವುದಿಲ್ಲ. ಗುಡ್ಡ ಹತ್ತಿಸುತ್ತದೆ, ನೀರಿನ ಮಟ್ಟಕ್ಕೆ ಇಳಿಸುತ್ತದೆ, ಮತ್ತೆ ಹತ್ತಿಸುತ್ತದೆ. ಪೂರ್ತಿ ದಾರಿಯ ಏರುಗಳನ್ನೆಲ್ಲ ಕೂಡಿದರೆ ಹತ್ತಿರ ಹತ್ತಿರ ನಾಲ್ಕು ಎವರೆಸ್ಟ್ ಆಗುತ್ತದೆ.

ನಾನು ಹೇಳುತ್ತಿರುವ ದಿನ ಡೆವನ್‌ನ ಬಿಗ್‌ಬರಿ ಆನ್ ಸೀಯಿಂದ ಪಶ್ಚಿಮಕ್ಕೆ ಹೊರಟಿದ್ದೆವು. ನಾನು, ನನ್ನ ಗೆಳತಿ. ಸುಮಾರು 7 ಕಿಲೋಮೀಟರ್ ಆದಮೇಲೆ ಅರ್ಮ್ ನದಿಯ ಅಳಿವೆ ಅಡ್ಡ ಬರುತ್ತದೆ. ಅಲ್ಲಿ ಸೇತುವೆ ಇಲ್ಲ, ದೋಣಿಯೂ ಇಲ್ಲ. ನೀರು ಪೂರ್ತಿ ಇಳಿದ ಹೊತ್ತಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ, ಅಷ್ಟರೊಳಗೆ ಕಾಲ್ನಡಿಗೆಯಲ್ಲೇ ದಾಟಬೇಕು. ತಪ್ಪಿದರೆ ಒಳನಾಡಿನ ರಸ್ತೆಗಳಲ್ಲಿ ಸುಮಾರು 13 ಕಿಲೋಮೀಟರ್ ಸುತ್ತು.

ಈ ಒಂದು ಗಂಟೆಯ ಲೆಕ್ಕ ಸುಮ್ನೆ ಬಂದದ್ದಲ್ಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಆದರೆ ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಏರುವುದು ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು. ಅಂದರೆ ಮೊದಲ ಗಂಟೆ ದಾಟಿತೋ, ನೀರಿಗೆ ರಭಸ ಬಂತು ಅಂತಲೇ ಲೆಕ್ಕ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಈ ಏರಿಳಿತ ಇನ್ನೂ ದೊಡ್ಡದು. ಜೋರು ಮಳೆ ಬಿದ್ದಿದ್ದರೆ ಲೆಕ್ಕವನ್ನೆಲ್ಲ ಬಿಟ್ಟು ಸುತ್ತು ದಾರಿ ಹಿಡಿಯುವುದೇ ಸರಿ.

ಹಿಂದಿನ ರಾತ್ರಿ ಉಬ್ಬರ-ಇಳಿತದ ಪಟ್ಟಿ ನೋಡಿ ನಾನು ಹೊತ್ತು ಗುರುತು ಹಾಕಿಕೊಂಡಿದ್ದೆ. ಬೆಳಿಗ್ಗೆ ಗೆಳತಿ ಅದನ್ನೇ ಇನ್ನೊಮ್ಮೆ ಓದಿದಳು. "ಇದು ಗ್ರೀನಿಚ್ ಸಮಯ. ಈಗ ಬೇಸಿಗೆ, ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿದೆ. ನೀನು ಆ ಗಂಟೆ ಸೇರಿಸಿಲ್ಲ." ಪಟ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು. ಒಬ್ಬಳೇ ಇದ್ದಿದ್ದರೆ ಒಂದು ಗಂಟೆ ಮೊದಲೇ ಹೋಗಿ, ಇದೇ ತಗ್ಗಿದ ನೀರು ಅಂತ ನಂಬಿ, ಇನ್ನೂ ಆಳವಿದ್ದ ಹೊಳೆಗೆ ಕಾಲಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹೊರಟ ಮೇಲೆ ಮಾತಿಗೆ ಜಾಗ ಎಲ್ಲಿ? ದಾರಿ ಒಬ್ಬರ ಅಗಲ. ಮುಂದೆ ಹೋಗುವವರ ಬೆನ್ನು ಮಾತ್ರ ಕಾಣುತ್ತದೆ, ಆಡಿದ ಮಾತನ್ನು ಗಾಳಿ ಹೊತ್ತೊಯ್ಯುತ್ತದೆ. ಏರಿನಲ್ಲಿ ಉಸಿರು ಸಾಲದು, ಇಳಿಜಾರಿನಲ್ಲಿ ಕಣ್ಣೆಲ್ಲ ಕಾಲ ಮೇಲೆ. ಆದರೂ ಅವಳು ಅಲ್ಲಿದ್ದಾಳೆ ಅಂತ ಪ್ರತಿ ಹೆಜ್ಜೆಗೂ ಗೊತ್ತಾಗುತ್ತದೆ. ಏರಿನಲ್ಲಿ ನಾನು ನಿಧಾನ, ಇಳಿಜಾರಿನಲ್ಲಿ ಅವಳು ನಿಧಾನ. ಮಂಡಿ ನೋವು ಅವಳಿಗೆ. ಹಾಗಾಗಿ ಏರಿನಲ್ಲಿ ನಾನು ಮುಂದೆ, ಇಳಿಜಾರಿನಲ್ಲಿ ಅವಳು ಮುಂದೆ. ನಿಧಾನದವರು ಮುಂದಿದ್ದರೆ ಯಾರೂ ಹಿಂದೆ ಉಳಿಯುವುದಿಲ್ಲ. ಇದನ್ನು ನಾವು ಕೂತು ತೀರ್ಮಾನ ಮಾಡಿದ್ದಲ್ಲ, ಮೂರನೇ ದಿನದ ಹೊತ್ತಿಗೆ ತಾನಾಗಿ ಆಗಿತ್ತು. ಇಬ್ಬರೂ ಒಂದೇ ಹೊತ್ತಿಗೆ ನದಿ ಮುಟ್ಟಬೇಕಲ್ವಾ? ಕಡಲು ಯಾರಿಗೂ ಕಾಯುವುದಿಲ್ಲ.

ಅಳಿವೆ ಮುಟ್ಟಿದಾಗ ನೀರು ಇನ್ನೂ ಇಳಿಯುತ್ತಿತ್ತು. ಒದ್ದೆ ಮರಳಿನ ಮೇಲೆ ಕಡ್ಡಿ ನೆಟ್ಟು ಕೂತೆವು. ನೀರು ಕಡ್ಡಿಯಿಂದ ದೂರ ಸರಿಯುವುದನ್ನು ನೋಡುತ್ತಾ ಅರ್ಧ ಗಂಟೆ ಹೋಯಿತು. ಆ ದಿನ ನಾವು ನಿಜವಾಗಿ ಮಾತಾಡಿದ್ದು ಅಲ್ಲೇ. ಅವಳು ಅವಳ ಅಪ್ಪನ ಕೊನೆಯ ವರ್ಷದ ಬಗ್ಗೆ ಹೇಳಿದಳು. ಹತ್ತು ವರ್ಷದ ಸ್ನೇಹದಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ನಾನು ಏನೂ ಹೇಳಲಿಲ್ಲ. ಇಬ್ಬರೂ ನೀರನ್ನೇ ನೋಡುತ್ತಿದ್ದೆವು.

ಆಮೇಲೆ ಶೂ ಬಿಚ್ಚಿ ಕುತ್ತಿಗೆಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿದೆವು. ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿಟ್ಟೆವು, ಜಾರಿ ಬಿದ್ದರೆ ಚೀಲ ತಕ್ಷಣ ಕಳಚಬೇಕು. ಇದನ್ನು ಮಾತ್ರ ಮರೆಯಬೇಡಿ. ನೀರು ತಣ್ಣಗೆ ಕೊರೆಯುತ್ತಿತ್ತು, ನಡು ಹೊಳೆಯಲ್ಲಿ ಮಂಡಿಯವರೆಗೆ ಬಂತು. ಅವಳು ಹಿಂದಕ್ಕೆ ಕೈ ಚಾಚಿದಳು, ನಾನು ಹಿಡಿದುಕೊಂಡೆ.

ಆಚೆ ದಡದಿಂದ ಇನ್ನೂ ಹದಿಮೂರು ಹದಿನಾಲ್ಕು ಕಿಲೋಮೀಟರ್ ಇತ್ತು. ಒಬ್ಬೊಬ್ಬರೇ ನಡೆಯುವವರ ಬಗ್ಗೆ ನನಗೆ ಗೌರವವಿದೆ, ಅವರಿಗೆ ಸಿಗುವ ಮೌನ ಬೇರೆಯೇ ಇರಬಹುದು. ನನಗೆ ಮಾತ್ರ ನನ್ನ ಲೆಕ್ಕವನ್ನು ಇನ್ನೊಮ್ಮೆ ಓದುವ ಇನ್ನೆರಡು ಕಣ್ಣು ಬೇಕು. ಮುಂದಿನ ಸಲ ಹೊರಡುವಾಗಲೂ ಪಟ್ಟಿ ಅವಳ ಕೈಯಲ್ಲೇ ಇರುತ್ತದೆ.